ಎಳನೀರು ಕೊಡಬೇಡಿ!

"ಕೊಡ್ಬೇಡಿ!"

ಆಶಾ ತಲೆ ಎತ್ತುವಷ್ಟರಲ್ಲಿ, ಮಗಳ ತುಟಿಗೆ ಹಿಡಿದಿದ್ದ ಎಳನೀರಿನ ಲೋಟ ಯಾರೋ ಗಂಡಸಿನ ಕೈಯಲ್ಲಿತ್ತು!

ಹುಳಿಯಾರಿನ ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಯಾರ್ರೀ ನೀವು? ಮಗೀನ ಬಾಯಿಂದ ಕಿತ್ಕೋತೀರಲ್ಲ, ನಾಚ್ಕೆ ಆಗಲ್ವಾ?"

"ದಯಾನಂದ್. ಮಂಗಳವಾರ ಮಂಗಳವಾರ ಇಲ್ಲಿಗೆ ಬರೋ ಫಿಸಿಯೋಥೆರಪಿಸ್ಟ್. ಕುಡಿದಾಗಲೆಲ್ಲ ಇವಳಿಗೆ ಕೆಮ್ಮು ಬರುತ್ತಾ?"

ಆಶಾ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಅವನತ್ತ ಚಾಚಿದಳು. ಬರುತ್ತಿತ್ತು... ಏಳು ವರ್ಷದ ಕೃತಿಕಾ ಮಿದುಳು ಜ್ವರದಿಂದ ಇಪ್ಪತ್ತೊಂದು ದಿನ ಐಸಿಯುನಲ್ಲಿ, ಗಂಟಲಲ್ಲಿ ಕೊಳವೆ ಇಟ್ಟುಕೊಂಡು ಮಲಗಿದ್ದವಳು.

"ಇವಳ ಗಂಟಲು ನುಂಗೋದನ್ನ ಮತ್ತೆ ಕಲೀಬೇಕು. ತೆಳ್ಳಗಿರೋದು ಶ್ವಾಸಕೋಶಕ್ಕೆ ಇಳಿಯುತ್ತೆ. ನ್ಯುಮೋನಿಯಾ ಆದ್ರೆ ಮತ್ತೆ ಐಸಿಯು. ಗಟ್ಟಿ ಗಂಜಿ ಕೊಡಿ, ಎಳೆಗಾಯಿ ತಿರುಳು ನುಣ್ಣಗೆ ಅರೆದು ಕೊಡಿ. ಎಳನೀರು ಮಾತ್ರ ಬೇಡ."

ತೆಂಗಿನ ಸೀಮೆಯಲ್ಲಿ ಕಾಯಿಲೆಯವರಿಗೆ ಎಳನೀರು ಬೇಡವೆಂದರೆ ಯಾರು ಒಪ್ಪುತ್ತಾರೆ? ಕಂದಿಕೆರೆಯ ಮನೆಯಲ್ಲಿ ಆಶಾಳ ತಂದೆ ಮಾಯಣ್ಣ ನಕ್ಕೇಬಿಟ್ಟ.

"ಓದ್ದೋರ್ ಮಾತು, ಬುಡು ಕಣವ್ವ!"

ಪಕ್ಕದ ಮನೆಯ ಸಿದ್ದಗಂಗಮ್ಮನದು ಇನ್ನೊಂದು. "ಮಗ ಹುಷಾರಾಗಿ ಮನೆಗ್ ಬಂತಲ್ಲ, ಇನ್ನೇನೇ ನಿನ್ ಗೋಳು?"

ಇನ್ನೇನಾ? ಆಶಾ ಹಲ್ಲು ಕಚ್ಚಿಕೊಂಡಳು. ಹತ್ತು ಹೆಜ್ಜೆಗೆ ಕುಸಿದು ಕೂರುತ್ತಾಳೆ. ಕಲಿತ ಅಕ್ಷರ ಮರೆತಿದ್ದಾಳೆ. ಮೊಬೈಲು 'ಟೀಂ' ಎಂದರೆ ಐಸಿಯುನ ಯಂತ್ರದ ಸದ್ದು ನೆನಪಾಗಿ ಮಂಚದಡಿ ಸೇರುತ್ತಾಳೆ... ಇದು ಹುಷಾರಾ?

ಮಂಗಳವಾರ ಒಂದೇ ಆಶಾಳಿಗೆ ಉಸಿರಾಡುವ ದಿನ. ದಯಾನಂದ್ ಮಗುವಿನೊಡನೆ ನೆಲದ ಮೇಲೇ ಕೂರುತ್ತಿದ್ದ.

"ಹೋದ ವಾರ ಹತ್ತು ಹೆಜ್ಜೆ, ಇವತ್ತು ಹನ್ನೊಂದಾ? ಲೇ ಕೃತಿಕಾ, ಎಣಿಸೋಕೆ ನಿಮ್ಮಮ್ಮಂಗೆ ಲಂಚ ಕೊಟ್ಟಿದ್ದೀಯಾ?"

ಮಗು ಕಿಲಕಿಲ ನಗುತ್ತಿತ್ತು. ಆಶಾಳ ಕಣ್ಣು ಅವನ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. 'ಛೆ! ಗಂಡ ತೀರಿಹೋಗಿ ಮೂರು ವರ್ಷ. ನನಗೆ ಇದೆಲ್ಲ ಯಾಕೆ...'

ಮನೆಗೆ ಬಂದ ಐದನೇ ತಿಂಗಳು ಕೃತಿಕಾಳಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ. ಆಸ್ಪತ್ರೆಯಲ್ಲಿ ದಯಾನಂದ್ ಮಗುವನ್ನೇ ಕೇಳಿದ.

"ಎಳನೀರು ಕುಡಿದ್ಯಾ ಪುಟ್ಟಿ?"

ಮಗು ಹೌದೆಂದು ತಲೆಯಾಡಿಸಿತು.

"ಎಷ್ಟು ಹೇಳಿದ್ರೂ ಕೊಟ್ರಲ್ಲ! ನಿಮ್ಮ ಕೈಲಿ ಆಗಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು!"

"ನಾನು ಕೊಟ್ಟಿಲ್ಲ!"

"ಮತ್ಯಾರು ಕೊಟ್ರು? ತೆಂಗಿನಮರವಾ?"

ಎಲ್ಲರೆದುರು ಆ ಮಾತು! ನಾಲ್ಕು ದಿನ ವಾರ್ಡಿನಲ್ಲಿದ್ದು ಮಗುವಿನ ಜ್ವರ ಇಳಿಯಿತು. ಆಶಾಳ ಸಿಟ್ಟು ಇಳಿಯಲಿಲ್ಲ. ಎರಡು ಮಂಗಳವಾರ ಅವಳು ಹೋಗಲೇ ಇಲ್ಲ. ಕೃತಿಕಾಳ ಹೆಜ್ಜೆ ಆರಕ್ಕೆ ಬಂದು ನಿಂತಿತು.

ಮೂರನೇ ಮಂಗಳವಾರ ಅವನ ಬೈಕೇ ಅಂಗಳಕ್ಕೆ ಬಂತು. ಆಶಾ ಬಾಯಿ ತೆರೆಯುವ ಮೊದಲೇ ಮಾಯಣ್ಣ ಎದ್ದು ಬಂದ.

"ಅವಳ್ದೇನ್ ತಪ್ಪಿಲ್ಲ ಕಣಪ್ಪ. ತೋಟ್ದಾಗೆ ನಾನೇ ಕದ್ದು ಕುಡ್ಸಿದ್ದು. 'ತಾತ, ಬಾಯಾರ್ಕೆ' ಅಂತು ಮಗ. ನಾನ್ ನೆಟ್ಟ ಮರದ ನೀರು ಕೆಟ್ಟದ್ ಮಾಡ್ತದೆ ಅಂದ್ರೆ ಮನಸ್ಸು ಒಪ್ನಿಲ್ಲ..." ಮುದುಕ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಅಪ್ಪಾ!" ಆಶಾ ಅವನ ಮುಖದಿಂದ ಟವೆಲು ಸರಿಸಿದಳು.

ದಯಾನಂದ್ ತಲೆ ತಗ್ಗಿಸಿದ. "ವಿಚಾರಿಸದೆ ಬೈದೆ. ತಪ್ಪಾಯ್ತು. ಬೇರೆ ಮಕ್ಕಳ ಮನೆಯವರು ತಪ್ಪು ಮಾಡಿದ್ರೆ ಮೆಲ್ಲಗೆ ತಿಳಿಸಿ ಹೇಳ್ತೀನಿ ಆಶಾ. ಅವತ್ತು... ಮದುವೆನೇ ಆಗಿರದ ನಂಗೆ, ನನ್ನ ಮಗೂಗೇ ಜ್ವರ ಬಂದಂಗಾಯ್ತು. ನೀವಿಬ್ರೂ ಇಲ್ದಿರೋ ಮಂಗಳವಾರ ನಂಗೆ ಬೇಡ."

ಅದನ್ನು ಕೇಳಿ ಅವಳಿಗೆ ಹಿತವೆನಿಸಿತು. ಆದರೂ ಮಾತು ಗಡುಸಾಗಿಯೇ ಬಂತು.

"ಮಗಳನ್ನ ಸರಿ ಮಾಡ್ತೀನಿ ಅಂತ ಆಸೆ ತೋರ್ಸಿ ನನ್ನ ಮದುವೆಗೆ ಕೇಳ್ತಿದ್ದೀರಾ?"

"ಇಲ್ಲ. ಪೂರ್ತಿ ಸರಿಹೋಗ್ತಾಳಾ, ನಂಗೂ ಗೊತ್ತಿಲ್ಲ. ವರ್ಷ ಹಿಡೀಬೋದು, ಇನ್ನೂ ಜಾಸ್ತಿ ಹಿಡೀಬೋದು."

'ಸರಿಹೋಗುತ್ತೆ' ಎಂದು ಊರೆಲ್ಲ ಅವಳ ಬಾಯಿ ಮುಚ್ಚಿಸಿತ್ತು. ಗೊತ್ತಿಲ್ಲ ಎಂದವನು ಇವನೊಬ್ಬನೇ! ಇಷ್ಟು ದಿನ ತಡೆದಿದ್ದ ಅಳು ಉಕ್ಕಿ ಬಂತು...

"ಸರಿಹೋಗ್ದಿದ್ರೆ?"

"ಇಬ್ರೂ ಸೇರಿ ಸಿಟ್ಟು ಮಾಡ್ಕೊಳ್ಳೋಣ."

ಆಶಾ ಅಳುತ್ತಲೇ ನಕ್ಕಳು.

"ಒಬ್ಳೇ ಸಿಟ್ಟು ಮಾಡ್ಕೊಂಡು ಸಾಕಾಗಿದೆ ಕಣ್ರೀ... ಒಳಗೆ ಬನ್ನಿ."