ಅಪ್ಪುರಂ ಎಂಬ ಊರು

"ಅದು ನಾನೇ!" ಎಂದು ಸಂಹಿತಾ ಕಂಪ್ಯೂಟರಿನ ಮುಂದೆ ಕೂಗಿದಳು.

ಕಂಪ್ಯೂಟರ್ ಕೇಳಿಸಿಕೊಳ್ಳಲಿಲ್ಲ. 'ಸಂಹಿತಾ ಎಂಬ ಹೆಸರು ಈಗಾಗಲೇ ಬಳಕೆಯಲ್ಲಿದೆ. ಬೇರೆ ಹೆಸರು ಆರಿಸಿಕೊಳ್ಳಿ' ಎಂದು ಕೆಂಪಕ್ಷರದಲ್ಲಿ ಮತ್ತೆ ತೋರಿಸಿತು. ಇದು ಐದನೇ ಸಲ.

"ಬಳಸ್ತಿರೋದೇ ನಾನು ಕಣೋ! ನನ್ನ ಹೆಸರು ಬಿಟ್ಟು ಇನ್ಯಾರ ಹೆಸರು ಇಟ್ಕೊಳ್ಲಿ?"

"ಯಾರ ಜೊತೆ ಅದು ಜಗಳ?" ಅಡುಗೆಮನೆಯಿಂದ ಅಮ್ಮ ಕೇಳಿದರು.

"ಗಿರಗಿಟ್ಲೆ ಜೊತೆ!"

ಗಿರಗಿಟ್ಲೆ ಅಂದರೆ ಕನ್ನಡ ಮಕ್ಕಳ ಒಂದು ವೆಬ್‌ಸೈಟು. ಉಡುಪಿ, ಶಿರಸಿ, ಮಂಗಳೂರು, ಪುಣೆ, ಎಲ್ಲೆಲ್ಲಿಂದಲೋ ಮಕ್ಕಳು ಅಲ್ಲಿಗೆ ಬಂದು ಬರೆಯುತ್ತಿದ್ದರು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ಚೆನ್ನೈನ ಪುರಸೈವಾಕ್ಕಂನಿಂದ ಬರೆಯುತ್ತಿದ್ದವಳು ಸಂಹಿತಾ ಒಬ್ಬಳೇ. ಅವಳ ಶಾಲೆಯಲ್ಲಿ ಕನ್ನಡ ಇಲ್ಲ, ತಮಿಳು. ಕನ್ನಡ ಓದಲು ಬರೆಯಲು ತಾತನೇ ಮನೆಯಲ್ಲಿ ಕಲಿಸಿದ್ದು.

ಮೊನ್ನೆ ಬುಧವಾರ ಗಿರಗಿಟ್ಲೆಯನ್ನು ಹಳೆಯ ಸಾಫ್ಟ್‌ವೇರಿನಿಂದ ಹೊಸ ಸಾಫ್ಟ್‌ವೇರಿಗೆ ಸಾಗಿಸಿದ್ದರು. 'ಮನೆ ಬದಲಾಯಿಸಿದ್ದೇವೆ, ಸ್ವಲ್ಪ ಹೊಂದಿಕೊಳ್ಳಿ' ಎಂದು ಮೇಲುಗಡೆ ಬರೆದಿತ್ತು. ಹೊಂದಿಕೊಳ್ಳುವುದು ಹೇಗೆ? ನೀಲಿ ಇದ್ದದ್ದೆಲ್ಲ ಹಸಿರಾಗಿತ್ತು. ಕನ್ನಡದಲ್ಲಿ ಟೈಪ್ ಮಾಡಲು ಒತ್ತಬೇಕಾದ 'ಕ' ಬಟನ್ ಮೇಲಿನಿಂದ ಕೆಳಗಿಳಿದು ಸಾಸಿವೆಕಾಳಿನಷ್ಟಾಗಿತ್ತು. ನಾಲಗೆ ಚಾಚುವ ಸ್ಮೈಲಿ ಮಾಯವಾಗಿತ್ತು. ಅದೆಲ್ಲ ಹಾಳಾಗಿ ಹೋಗಲಿ ಎಂದರೆ, ಎಲ್ಲರೂ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕಂತೆ. ಅದಕ್ಕೆ ಬೇಕಾದ ಲಿಂಕ್ ಹಳೆಯ ಇಮೇಲಿಗೆ ಬರುತ್ತದಂತೆ.

ಸಂಹಿತಾ ಕೊಟ್ಟಿದ್ದ ಇಮೇಲ್ ಅಣ್ಣ ಕೌಶಿಕನದು.

"ಆ ಐಡಿನಾ? ಅದು ಎಕ್ಸ್‌ಪೈರ್ ಆಗಿ ಯುಗ ಆಯ್ತು," ಎಂದ ಕೌಶಿಕ್, ಟಿ.ವಿ.ಯಿಂದ ಕಣ್ಣು ತೆಗೆಯದೆ. "ಬೇರೆ ದಾರಿ ಏನಿದೆಯೋ, ತೆರಿಯಲೆ."

ತೆರಿಯಲೆ ಅಂದರೆ ತಮಿಳಿನಲ್ಲಿ ಗೊತ್ತಿಲ್ಲ ಎಂದು. ಸಹಾಯ ಮಾಡಲು ಮನಸ್ಸಿಲ್ಲದಾಗೆಲ್ಲ ಕೌಶಿಕನ ಬಾಯಿಗೆ ತಮಿಳು ಬರುತ್ತದೆ.

ಸಂಹಿತಾ ಹಲ್ಲು ಕಚ್ಚಿಕೊಂಡು 'ಸಂಹಿತಾ2' ಎಂದು ಹೊಸದಾಗಿ ಸೇರಿದಳು. 'ಸ್ವಾಗತ, ಹೊಸ ಸದಸ್ಯೆ! ನಿಮ್ಮ ಬರಹಗಳು: 0' ಎಂದು ಬಂತು. ಒಂದು ವರ್ಷದಲ್ಲಿ ನಲವತ್ತಾರು ಬರಹ ಬರೆದವಳಿಗೆ ಸೊನ್ನೆ! ಅದರ ಕೆಳಗೆ ಇನ್ನೂ ಒಂದು ಸಾಲಿತ್ತು. 'ಹೊಸಬರು ಮೊದಲ ಏಳು ದಿನ ಸಹಾಯ ವಿಭಾಗದಲ್ಲಿ ಮಾತ್ರ ಬರೆಯಬಹುದು.'

ಏಳು ದಿನ ಕಾಯುವಂತಿರಲಿಲ್ಲ. ಕಡ್ಲೆಯ ಗತಿ ಏನು?

ಕಡ್ಲೆ ಒಂದು ಮೇಕೆಮರಿ. ಗಿರಗಿಟ್ಲೆಯ ಸರಣಿ ಕತೆಯ ಮೇಕೆಮರಿ. ಮಕ್ಕಳು ಸರದಿಯ ಮೇಲೆ ಒಂದೊಂದು ಕಂತು ಬರೆಯುತ್ತಿದ್ದರು. ಉಡುಪಿಯ ನಿಶ್ಮಿತಾ ಹೋದ ವಾರ ಅದನ್ನು ಚೆನ್ನೈನ ಪ್ಯಾರೀಸ್ ಕಾರ್ನರಿನ ಒಂದು ಮದುವೆ ಕಾರ್ಡ್ ಅಂಗಡಿಯೊಳಗೆ ಕೂಡಿಹಾಕಿ ಬಿಟ್ಟಿದ್ದಳು. ಈ ಸಲ ಸಂಹಿತಾಳ ಸರದಿ. ಭಾನುವಾರ ಸಂಜೆ ಆರರೊಳಗೆ ಬರೆಯದಿದ್ದರೆ ಸರದಿ ಮಂಗಳೂರಿನ ರಜತ್‌ಗೆ ಹೋಗುತ್ತದೆ.

ರಜತ್ ಆಗಲೇ ಡಂಗುರ ಸಾರಿದ್ದ. 'ಪ್ಯಾರೀಸ್ ಕಾರ್ನರ್ ಹತ್ತಿರ ಬಂದರು ಇದೆಯಂತೆ. ನನ್ನ ಸರದಿ ಬರಲಿ, ಕಡ್ಲೆಯನ್ನು ಹಡಗು ಹತ್ತಿಸಿ ದುಬೈಗೆ ಕಳಿಸುತ್ತೇನೆ. ಕತೆ ಖಲಾಸ್.'

ಹಳೆಯ ಗಿರಗಿಟ್ಲೆಯಲ್ಲಿ ಒಂದು ದಿನ ತಡವಾದರೂ ಶಾರದಮ್ಮ ಟೀಚರ್ ಸುಮ್ಮನಿರುತ್ತಿದ್ದರು. ಅವರು ಮೈಸೂರಿನಲ್ಲಿರುವ ರಿಟೈರ್ಡ್ ಟೀಚರ್, ಗಿರಗಿಟ್ಲೆಯನ್ನು ನೋಡಿಕೊಳ್ಳುವವರು. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಗಡಿಯಾರ ಬಂದು ಕೂತಿತ್ತು. ಇನ್ನು 48 ಗಂಟೆ ಎಂದು ತೋರಿಸುತ್ತಿತ್ತು. ಗಡಿಯಾರಕ್ಕೆ ದಯೆ ದಾಕ್ಷಿಣ್ಯ ಇರುತ್ತದೆಯೇ?

ಸಂಹಿತಾ ಸಹಾಯ ವಿಭಾಗದಲ್ಲಿ ಬರೆದಳು. 'ಟೀಚರ್, ನಾನು ಸಂಹಿತಾ. ನನ್ನ ಹೆಸರು ನನಗೆ ಕೊಡಿ.'

ಶನಿವಾರ ಬೆಳಿಗ್ಗೆ ಉತ್ತರ ಬಂದಿತ್ತು. 'ಪುಟ್ಟಾ, ಈ ಗಲಾಟೆಯಲ್ಲಿ ಒಬ್ಬ ಹುಡುಗ ಬೇರೆಯವರ ಹೆಸರಿನಲ್ಲಿ ಒಳಗೆ ನುಗ್ಗಿ ತರಲೆ ಮಾಡಿದ್ದಾನೆ. ನೀನೇ ಸಂಹಿತಾ ಎಂದು ನನಗೆ ಹೇಗೆ ಗೊತ್ತಾಗಬೇಕು?'

"ನಾನೇ ನಾನು ಅಂತ ಹೇಗಮ್ಮಾ ತೋರ್ಸೋದು?" ಎಂದು ಸಂಹಿತಾ ತಲೆ ಮೇಲೆ ಕೈ ಹೊತ್ತಳು.

"ಸ್ಕೂಲ್ ಐಡಿ ಸ್ಕ್ಯಾನ್ ಮಾಡಿ ಹಾಕು," ಎಂದ ಕೌಶಿಕ್.

"ಐಡಿ, ಫೋಟೋ ಏನೂ ಇಂಟರ್‌ನೆಟ್ಟಿಗೆ ಹಾಕಕೂಡದು ಅಂತ ಹೇಳಿಲ್ವಾ?" ಅಮ್ಮ ಇಬ್ಬರಿಗೂ ಸೇರಿಸಿ ಗದರಿದರು.

ಆಗ ತಾತ ಎದ್ದು ಬಂದರು. ತಿರುಮಲರಾಯರು ಅಂದರೆ ಪತ್ರ ಬರೆಯುವುದರಲ್ಲಿ ಎತ್ತಿದ ಕೈ. "ಶೆರಿ, ನಾನು ಬರ್ಕೊಡ್ತೀನಿ. ಮೂವತ್ನಾಲ್ಕು ವರ್ಷ ಆಫೀಸಲ್ಲಿ ಲೆಟರ್ ಬರ್ದಿದೀನಿ, ಒಂದೂ ವಾಪಸ್ ಬಂದಿಲ್ಲೆ. ಮೊದ್ಲು ಕಾಫಿ, ಅಪ್ಪುರಂ ಲೆಟರ್."

ಕಾಫಿ ಮುಗಿಯಿತು. ತಾತ ಹೇಳುತ್ತ ಹೋದರು, ಸಂಹಿತಾ ಟೈಪ್ ಮಾಡುತ್ತ ಹೋದಳು. 'ಮಾನ್ಯರೇ, ತಮ್ಮ ಜಾಲತಾಣದ ಹಳೆಯ ಸದಸ್ಯೆಯಾದ ನಾನು ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ...' ಪತ್ರ ಒಂದು ಪುಟ ಆಯಿತು. 'ಸದರಿ' ಎಂಬ ಪದ ನಾಲ್ಕು ಸಲ ಬಂತು.

ಮಧ್ಯಾಹ್ನ ಉತ್ತರ ಬಂತು. 'ಪತ್ರ ಸೊಗಸಾಗಿದೆ. ಆದರೆ ಇದನ್ನು ಹನ್ನೊಂದು ವರ್ಷದ ಹುಡುಗಿ ಬರೆದಿಲ್ಲ. ತಾವು ಯಾರು ಸ್ವಾಮಿ?'

ಕೌಶಿಕ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. ತಾತ ಕನ್ನಡಕ ತೆಗೆದು ಸುಮ್ಮನೆ ಒರೆಸಿಕೊಂಡರು.

ಪಾಪ, ತಾತನದೇನು ತಪ್ಪು? ಸಂಹಿತಾ ಬರೆದದ್ದನ್ನೆಲ್ಲ ತಿದ್ದಿಕೊಡಲು ಅವರನ್ನು ಬೇಡಿಕೊಂಡವಳು ಅವಳೇ. ಅದಕ್ಕೆ ಒಂದು ಕಾರಣ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಕಳೆದ ವರ್ಷ ಮೊದಮೊದಲು ಅವಳು ತನಗೆ ತೋಚಿದಂತೆ ಬರೆಯುತ್ತಿದ್ದಳು. ಒಂದು ಸಲ ಹೀಗೆ ಬರೆದಳು: 'ಕಡ್ಲೆ ಹಗ್ಗ ಕಿತ್ತುಕೊಂಡಿತು. ಅಪ್ಪುರಂ ಓಡಿತು.' ಅವರ ಮನೆಯಲ್ಲಿ 'ಆಮೇಲೆ' ಎನ್ನಲು ಎಲ್ಲರೂ ಅಪ್ಪುರಂ ಎನ್ನುತ್ತಾರೆ. ಮೂರು ತಲೆಮಾರಿನಿಂದ ಚೆನ್ನೈನಲ್ಲಿದ್ದಾರೆ, ತಮಿಳಿನ ಮಾತು ಬಾಯಿಗೆ ಬಂದುಬಿಟ್ಟಿದೆ. ಅದು ಕನ್ನಡ ಅಲ್ಲ ಎಂದು ಸಂಹಿತಾಳಿಗೆ ಗೊತ್ತೇ ಇರಲಿಲ್ಲ.

ರಜತ್ ಕೇಳಿದ್ದ: 'ಅಪ್ಪುರಂ ಎಲ್ಲಿದೆ? ಕಾಂಚೀಪುರಂ ಪಕ್ಕದಲ್ಲಾ?'

ಶಿರಸಿಯ ಹುಡುಗಿಯೊಬ್ಬಳು ಬರೆದಿದ್ದಳು: 'ಶಿರಸಿಯಿಂದ ಅಪ್ಪುರಂಗೆ ಡೈರೆಕ್ಟ್ ಬಸ್ ಇದೆಯಾ?'

ಆವತ್ತು ಸಂಹಿತಾ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಮರುದಿನದಿಂದ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುವುದು, ತಾತನಿಗೆ ತೋರಿಸುವುದು. ತಾತ ಕೆಂಪು ಪೆನ್ಸಿಲಿನಿಂದ ಅಪ್ಪುರಂ ಎಲ್ಲ ಹೊಡೆದು ಹಾಕಿ 'ತರುವಾಯ' ಎಂದು ಬರೆಯುತ್ತಿದ್ದರು. ಆಮೇಲೆ ಯಾರೂ ನಗಲಿಲ್ಲ.

ಶನಿವಾರ ರಾತ್ರಿ ಊಟಕ್ಕೆ ಮುಂಚೆ ಅವಳು ಇನ್ನೊಂದು ಸಲ ಪ್ರಯತ್ನಿಸಿದಳು. 'ಟೀಚರ್, ಕಡ್ಲೆಯ ಎಡಗಿವಿಯಲ್ಲಿ ಬಿಳಿ ಚುಕ್ಕೆ ಇದೆ. ಆ ಚುಕ್ಕೆ ಇಟ್ಟದ್ದು ನಾನು.'

'ಕತೆ ಓದಿದವರೆಲ್ಲ ಅದನ್ನು ಹೇಳಬಹುದಲ್ಲ ಪುಟ್ಟಾ' ಎಂದು ಉತ್ತರ ಬಂತು.

ಭಾನುವಾರ ನಾಲ್ಕು ಗಂಟೆಗೆ ಕರೆಂಟ್ ಹೋಯಿತು. ಅದೊಂದು ಬಾಕಿ ಇತ್ತು! ಮತ್ತೆ ಬಂದಾಗ ಐದೂಹತ್ತು. ತಾತ ದೇವಸ್ಥಾನಕ್ಕೆ ಹೋಗಿದ್ದರು.

"ಒಂದು ಮೇಕೆ ದಾನೆ? ದುಬೈಗೆ ಹೋದ್ರೆ ಹೋಗ್ಲಿ, ಚುಮ್ಮಾ ಬಿಡೇ," ಎಂದ ಕೌಶಿಕ್. ಅವರ ಮನೆಯಲ್ಲಿ ದಾನೆ ಅಂದರೆ ತಾನೇ, ಚುಮ್ಮಾ ಅಂದರೆ ಸುಮ್ಮನೆ.

"ಬಿಡಲ್ಲ!"

ಸಂಹಿತಾ ಕುರ್ಚಿ ಎಳೆದುಕೊಂಡು ಕೂತಳು. ಹೆಸರು ಕೊಡದಿದ್ದರೆ ಬೇಡ. ಸಹಾಯ ವಿಭಾಗದಲ್ಲಿ ಬರೆಯಬಹುದು ತಾನೇ? ಇಡೀ ಕಂತನ್ನು ಅಲ್ಲೇ ಬರೆಯುತ್ತೇನೆ. ಟೀಚರೇ ಅದನ್ನು ತೆಗೆದು ಕತೆಯೊಳಗೆ ಹಾಕಲಿ. ಸಾಸಿವೆಕಾಳಿನ 'ಕ' ಬಟನ್ ಹುಡುಕಿ ಒತ್ತಿದಳು. ನೋಟ್‌ಬುಕ್ಕಿಗೆ, ಕೆಂಪು ಪೆನ್ಸಿಲಿಗೆ ಹೊತ್ತಿಲ್ಲ. ಬೆರಳು ಓಡತೊಡಗಿತು.

'ಕಡ್ಲೆ ಮದುವೆ ಕಾರ್ಡೆಲ್ಲ ತಿಂತು. ಅಪ್ಪುರಂ ಗಂಡಿನ ಹೆಸರು ತಿಂತು. ಅಪ್ಪುರಂ ಹೆಣ್ಣಿನ ಹೆಸರೂ ತಿಂತು. ಯಾರಿಗೆ ಮದುವೆ ಅಂತ ಯಾರಿಗೂ ಗೊತ್ತಾಗಲಿಲ್ಲೆ. ಅಂಗಡಿಯ ರಾಮದಾಸ ಅಂಕಲ್ ಕೋಲು ತಗೊಂಡು ಬಂದ್ರು. ಅಪ್ಪುರಂ ಕಡ್ಲೆ ಅವರ ಕಾಲ ಮಧ್ಯೆ ನುಗ್ಗಿ ಬೀಚ್ ಸ್ಟೇಷನ್‌ಗೆ ಓಡ್ತು. ಟಿಕೆಟ್ ತಗೊಳ್ಳಲಿಲ್ಲೆ. ಮೇಕೆಗೆ ಏನು ಟಿಕೆಟ್? ಲೇಡೀಸ್ ಡಬ್ಬಿಯಲ್ಲಿ ಹತ್ತಿತು, ಅದು ಹೆಣ್ಣು ಮೇಕೆ ದಾನೆ...'

ಬಂದರು ಹಿಂದೆ ಹಿಂದೆ ಹೋಯಿತು, ಹಡಗು ಹಿಂದೆ ಹೋಯಿತು. ಹೂ ಮಾರುವ ಅಜ್ಜಿಯ ಬುಟ್ಟಿಯ ಪಕ್ಕ ಕಡ್ಲೆ ಕೂತಿತು. ರೈಲು ಕ್ರೋಂಪೇಟೆಯ ಕಡೆಗೆ ಹೊರಟಿತು. ಸಂಹಿತಾ 'ಕಳಿಸು' ಒತ್ತಿದಾಗ ಐದೂ ಮೂವತ್ತೆಂಟು.

ಆಗ ಒಂದು ಸಲ ಓದಿ ನೋಡಿದಳು. ಅಯ್ಯೋ ದೇವರೇ! ಒಂದು, ಎರಡು, ಮೂರು... ಹನ್ನೊಂದು ಅಪ್ಪುರಂ!

ಅವಳ ಮುಖ ಕೆಂಪಾಯಿತು. ರಜತ್ ಓದುತ್ತಾನೆ, ಎಲ್ಲರೂ ಓದುತ್ತಾರೆ. ತಿದ್ದಬೇಕು, ಈಗಲೇ ತಿದ್ದಬೇಕು. ಹಳೆಯ ಗಿರಗಿಟ್ಲೆಯಲ್ಲಿ ಬಲಗಡೆ ಪೆನ್ಸಿಲಿನ ಚಿತ್ರ ಇರುತ್ತಿತ್ತು, ಒತ್ತಿದರೆ ತಿದ್ದಬಹುದಿತ್ತು. ಹೊಸದರಲ್ಲಿ ಪೆನ್ಸಿಲ್ ಎಲ್ಲಿ? ಮೌಸನ್ನು ಮೂಲೆ ಮೂಲೆಗೂ ಓಡಿಸಿದಳು. ಎಲ್ಲೂ ಇಲ್ಲ.

"ಅಮ್ಮಾ, ತಿದ್ದೋ ಬಟನ್ ಎಲ್ಲಿದೆ?"

"ನನ್ನ ಕೇಳ್ತೀಯಾ? ನಂಗೆ ಆಫ್ ಮಾಡೋದು ಒಂದು ಗೊತ್ತು."

ಆಫ್ ಮಾಡಿಬಿಡೋಣ ಎಂದು ಸಂಹಿತಾಳಿಗೂ ಅನಿಸಿತು. ಕೈ ಸ್ವಿಚ್ಚಿನವರೆಗೆ ಹೋಯಿತು. ಆದರೆ ಆಫ್ ಮಾಡಿದರೆ ಕಡ್ಲೆ ದುಬೈಗೆ! ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನಗುವವರು ನಗಲಿ ಎಂದುಕೊಂಡು ಕಾದು ಕೂತಳು. ಐದೂ ನಲವತ್ನಾಲ್ಕು. ಐದೂ ನಲವತ್ತೆಂಟು.

ಐದೂ ಐವತ್ತಕ್ಕೆ ಅವಳ ಕಂತಿನ ಕೆಳಗೆ ಒಂದೇ ಒಂದು ಪದ ಬಂತು. ಶಾರದಮ್ಮ ಟೀಚರದು.

'ಅಪ್ಪುರಂ?'

ಸಂಹಿತಾಳ ಕಣ್ಣು ತುಂಬಿಬಂತು. ಟೀಚರ್ ಕೂಡ ಅಣಕಿಸುತ್ತಾರಾ?

ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಬಂತು. 'ಅಪ್ಪುರಂ ಏನಾಯ್ತು ಪುಟ್ಟಾ? ಇಷ್ಟು ದಿನ ಎಲ್ಲಿ ಹೋಗಿದ್ದೆ ನೀನು? ನಡುವೆ ಯಾರೋ ತರುವಾಯ, ತರುವಾಯ ಅಂತ ಬರೀತಿದ್ರು. ಅಪ್ಪುರಂ ಹುಡುಗಿ ಗಿರಗಿಟ್ಲೆ ಬಿಟ್ಟು ಹೋದಳು ಅಂತ ನನಗೆ ತುಂಬಾ ಬೇಜಾರಾಗಿತ್ತು. ಹೊಸ ಪಾಸ್‌ವರ್ಡನ್ನು ನಿನಗೊಬ್ಬಳಿಗೇ ಕಾಣುವ ಹಾಗೆ ಕಳಿಸಿದ್ದೇನೆ. ಬೇಗ, ಇನ್ನು ಒಂಬತ್ತು ನಿಮಿಷ ಇದೆ!'

ಸಂಹಿತಾ ಅದನ್ನು ಎರಡು ಸಲ ಓದಿದಳು. ಮೂರನೇ ಸಲ ಓದಲು ಹೊತ್ತಿರಲಿಲ್ಲ. ಹೊಸ ಪಾಸ್‌ವರ್ಡ್ ಹಾಕಿದಳು, ಬಾಗಿಲು ತೆರೆಯಿತು. ಕಂತನ್ನು ಕಾಪಿ ಮಾಡಿ, ಸರಣಿ ಕತೆಯೊಳಗೆ ಪೇಸ್ಟ್ ಮಾಡಿ ಕಳಿಸಿದಾಗ ಗಡಿಯಾರದಲ್ಲಿ ಇನ್ನೂ ಮೂರು ನಿಮಿಷ ಇತ್ತು.

'ಸಂಹಿತಾ. ಬರಹಗಳು: 47.'

"ಕಡ್ಲೆ ಬಚಾವ್!" ಎಂದು ಅವಳು ಕಿರುಚಿದ್ದಕ್ಕೆ, ಆಗತಾನೇ ಒಳಗೆ ಬಂದ ತಾತ ಬೆಚ್ಚಿಬಿದ್ದರು. ಏನಾಯಿತೆಂದು ಎಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಸ್ಕ್ರೀನಿಗೆ ಬಗ್ಗಿದರು.

"ರಾಮ ರಾಮಾ, ಇಷ್ಟೊಂದು ಅಪ್ಪುರಂ! ಅಲ್ನೋಡು, ಕೆಳಗೆ 'ತಿದ್ದು' ಅಂತಿದೆ. ಒತ್ತು, ನಾನು ಹೇಳ್ತೀನಿ."

ಹೌದು, ಕಂತಿನ ಕೆಳಗೆ ಸಣ್ಣಕ್ಷರದಲ್ಲಿ 'ತಿದ್ದು' ಎಂದಿತ್ತು. ಹಳೆಯ ಸದಸ್ಯರಿಗೆ ಮಾತ್ರ ಅದು ಕಾಣಿಸುತ್ತದೆ. ಆಗ ಅವಳು ಅಷ್ಟು ಹುಡುಕಿದ್ದು ಇದನ್ನೇ. ಸಂಹಿತಾ ಮೌಸನ್ನು ಅದರ ಮೇಲೆ ತಂದಳು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಕೈ ತೆಗೆದಳು.

"ಬೇಡ ತಾತ."

"ಯಾಕೇ?"

"ಇರ್ಲಿ. ನಾನು ಬರ್ದಿದ್ದು ದಾನೆ."

ತಾತ ಅವಳ ಮುಖ ನೋಡಿದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಓದತೊಡಗಿದರು. ಗಂಡಿನ ಹೆಸರು ತಿಂದದ್ದಕ್ಕೆ ಮುಸಿಮುಸಿ ನಕ್ಕರು. ಟಿಕೆಟ್ಟಿನ ಮಾತಿಗೆ ಜೋರಾಗಿ ನಕ್ಕರು. ರೈಲು ಹೊರಟಿತು, ಕಂತು ಮುಗಿಯಿತು.

"ಅಪ್ಪುರಂ?" ಎಂದರು ತಾತ. "ಅಪ್ಪುರಂ ಏನಾಯ್ತೇ ಮೇಕೆಗೆ?"

ಸಂಹಿತಾಳಿಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿದ್ದಾಳೆಂದು ತಾತನಿಗೆ ಗೊತ್ತಾಗಲೇ ಇಲ್ಲ.

ಅಷ್ಟರಲ್ಲಿ ಕಂತಿನ ಕೆಳಗೆ ರಜತ್ ಬಂದಿದ್ದ. 'ಓಹೋ! ನಿನ್ನ ಟ್ರೇನ್ ಅಪ್ಪುರಂನಲ್ಲಿ ನಿಲ್ಲುತ್ತಾ?'

ಸಂಹಿತಾ ನೋಟ್‌ಬುಕ್ ತೆಗೆಯಲಿಲ್ಲ. ತಾತನ ಕಡೆ ತಿರುಗಲಿಲ್ಲ. 'ಕ' ಬಟನ್ ಎಲ್ಲಿದೆ ಎಂದು ಈ ಸಲ ಹುಡುಕಬೇಕಾಗಲೂ ಇಲ್ಲ. ಒತ್ತಿ, ಟೈಪ್ ಮಾಡಿದಳು.

'ನಿಲ್ಲುತ್ತೆ. ಎಲ್ಲಾ ಟ್ರೇನೂ ಅಲ್ಲಿ ನಿಲ್ಲುತ್ತೆ.'