ಪಡುವಣ ಗೋಡೆಯ ಬಿಡಾರ

ಚೈತ್ರದ ಬೆಳಗಿನಲ್ಲಿ ಕರಿಕಲ್ಲುದುರ್ಗದ ಏಳು ಬಾಗಿಲುಗಳಲ್ಲಿ ನಗಾರಿ ಮೊಳಗಿ, ಪಟ್ಟದಾನೆ ಲಾಯದಿಂದ ಹೊರಟು, ಹೂವಾಡಗಿತ್ತಿಯರು ರಾಜಬೀದಿಯನ್ನು ತುಂಬುತ್ತಿದ್ದ ಹೊತ್ತಿಗೆ, ಆಸ್ಥಾನಿಕರು ಮಾತ್ರ ಒಂದೇ ಕಾರ್ಯದಲ್ಲಿ ಮಗ್ನರಾಗಿದ್ದರು: ಬಾಗಿಲು ತೆರೆದರೆ ದೊರೆಯ ಕಣ್ಣಿಗೇ ಬೀಳುವ, ಅರಮನೆಯೆದುರಿನ ಕಿಲ್ಲೇದಾರನ ಬಿಡಾರವನ್ನು ನೋಡಿ ಜೊಲ್ಲು ಸುರಿಸುವುದು.

ಕೋಟೆಯ ರಕ್ಷಣೆ ಹೊತ್ತವನಿಗೆಂದೇ ಕಟ್ಟಿಸಿದ ಮನೆ ಅದು. ಅದರ ಹಿಂಗೋಡೆಯೇ ಕೋಟೆಯ ಪಡುವಣ ಗೋಡೆ. ಶತ್ರು ಒಳನುಗ್ಗಿದರೆ ಮೊದಲು ಕಿಲ್ಲೇದಾರನ ಮಡದಿ ಮಕ್ಕಳೇ ಸಿಗಲಿ, ಆಗ ಅವನು ತೂಕಡಿಸಲಾರ ಎಂಬುದು ಅದನ್ನು ಕಟ್ಟಿಸಿದ ಹಿರಿಯ ದೊರೆಯ ಆಲೋಚನೆ. ಇಪ್ಪತ್ತು ವರ್ಷ ಅಲ್ಲಿ ಬಾಳಿದ ಕಿಲ್ಲೇದಾರ ಬಿಲ್ಲಪ್ಪ ನಾಯಕನಿಗೆ ಈ ಜೊಲ್ಲುಬುರುಕರನ್ನು ಕಂಡರೆ ಅಸಹ್ಯ. ಬಾಗಿ ಬಾಗಿ ಬೆನ್ನೆಲುಬೇ ಕರಗಿಹೋದವರು ಎಂದು ಅವರ ಮುಖದೆದುರೇ ಹೇಳುತ್ತಿದ್ದ.

ಅವರಲ್ಲೊಬ್ಬ, ದೊರೆಯ ಪತ್ರ ಬರೆಯುವ ರಾಯಸದ ಲಿಂಗರಸ, ನಾಯಕ ಶತ್ರುವಿನೊಡನೆ ಕೈಜೋಡಿಸಿದ್ದಾನೆಂದು ಕಳ್ಳ ಓಲೆಯೊಂದನ್ನು ಸೃಷ್ಟಿಸಿದ. ಹಿತ್ತಾಳೆ ಕಿವಿಯ ದೊರೆ ನಂಬಿದ. ತಲೆ ತೆಗೆಸುವ ಧೈರ್ಯವೂ ಸಾಲದೆ, ನಾಯಕನನ್ನು ಪದವಿಯಿಂದಿಳಿಸಿ ಕುದುರೆಲಾಯದ ಕಾವಲಿಗೆ ಹಾಕಿದ. ಬಿಡಾರ ಲಿಂಗರಸನ ಪಾಲಾಯಿತು.

"ರಾಯಸದವರೇ, ಪಡುವಣ ಗೋಡೆಯ ತಂಟೆಗೆ ಮಾತ್ರ ಹೋಗಬೇಡಿ," ಎಂದ ನಾಯಕ, ಮನೆ ಬಿಡುವಾಗ.

"ಗಾಳಿಯಿಲ್ಲದ ಈ ಕೊಟ್ಟಿಗೆಯಲ್ಲಿ ತಾವು ಬಾಳಿದಿರಿ, ನಾಯಕರೇ. ನಮಗೆ ಅಭ್ಯಾಸವಿಲ್ಲ," ಎಂದು ಲಿಂಗರಸ ನಕ್ಕ.

ವಾರದೊಳಗೆ ಗೋಡೆ ಒಡೆಸಿ, ಆಳೆತ್ತರದ ಕೆತ್ತನೆಯ ಕಿಟಕಿ ಇಡಿಸಿದ. ಆಸ್ಥಾನಿಕರು ಹೋಳಿಗೆ ತಿಂದು, ಗಾಳಿ ಸೇವಿಸಿ, "ಆಹಾ!" ಎಂದರು. ನಾಯಕ ಅರಮನೆಗೆ ಹೋಗಿ ಎಚ್ಚರಿಸಿದರೆ, ದೊರೆ ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಿದ.

ಆಷಾಢದಲ್ಲಿ ಶತ್ರು ಬಂದ. ಬಾಗಿಲುಗಳತ್ತ ಕಣ್ಣೆತ್ತಿಯೂ ನೋಡದೆ ಕಿಟಕಿಗೇ ಫಿರಂಗಿ ಹೂಡಿದ. ಸುತ್ತಲ ಕಲ್ಲು ಕುಸಿದು, ಗಾಡಿ ನುಗ್ಗುವಷ್ಟು ಕಂಡಿ ಬಿತ್ತು. ಲಿಂಗರಸ ರಾಗಿಯ ಕಣಜದೊಳಗೆ ಅಡಗಿದ. ಬಿಲ್ಲಪ್ಪ ನಾಯಕ ಲಾಯದ ಹನ್ನೊಂದು ಆಳುಗಳನ್ನು ಕಟ್ಟಿಕೊಂಡು ಓಡಿಬಂದು ಕಂಡಿಗೆ ಅಡ್ಡ ನಿಂತ. ಯಾರ ಮನೆಯನ್ನು ಕಾಯುತ್ತಿದ್ದೇನೆಂದು ನೆನೆದಾಗ ಅವನಿಗೆ ಉಗಿಯುವಂತಾಯಿತು; ಆದರೂ ಹೆಜ್ಜೆ ಹಿಂದಿಡಲಿಲ್ಲ. ಸೇನೆ ಬಂದು ಕೂಡಿಕೊಳ್ಳುವವರೆಗೆ ಶತ್ರುವಿನ ಒಬ್ಬ ಭಟನೂ ಒಳಗೆ ಕಾಲಿಡಲಿಲ್ಲ.

ಸಂಜೆ ಶತ್ರು ಹಿಮ್ಮೆಟ್ಟಿದ ಮೇಲೆ ದೊರೆ ಬಂದ. ನಾಯಕ ಎದೆಗೆ ಈಟಿ ತಗುಲಿ ಬಿದ್ದಿದ್ದ.

"ನಾಯಕರೇ, ನಿಮ್ಮನ್ನು ದ್ರೋಹಿಯೆಂದೆವು. ಕ್ಷಮಿಸಬೇಕು."

"ಆ ಮಾತು ಆಮೇಲೆ, ಮಹಾಸ್ವಾಮಿ. ಬೆಳಗಾದರೆ ಮತ್ತೆ ಬರುತ್ತಾರೆ. ಮೊದಲು ಕಲ್ಲು ಹೊರಿಸಿ."

ದೊರೆ ಆಸ್ಥಾನಿಕರತ್ತ ತಿರುಗಿದ. ಒಬ್ಬೊಬ್ಬನೂ ತನ್ನ ಜರತಾರಿ ಅಂಗಿಯನ್ನು ನೋಡಿಕೊಂಡ. ದೊರೆ ನಾಚಿ, ಉತ್ತರೀಯವನ್ನು ಸೊಂಟಕ್ಕೆ ಬಿಗಿದು, ತಾನೇ ಕಲ್ಲಿಗೆ ಕೈಹಾಕಿದ. ಎರಡನೆಯ ಕಲ್ಲು ತರುವಷ್ಟರಲ್ಲಿ ಬಿಲ್ಲಪ್ಪ ನಾಯಕನ ಉಸಿರು ನಿಂತಿತ್ತು. ಮೂರನೆಯದನ್ನು, ಕಣಜದಿಂದ ಎಳೆತಂದ ಲಿಂಗರಸನ ತಲೆಯ ಮೇಲೆ ದೊರೆ ಹೊರಿಸಿದ.