ಗಾಜಿನ ಜಾಡಿಯಲ್ಲಿ ಅಮ್ಮನ ಬೆಳ್ಳಿ

"ಕೈ ಹಾಕಬೇಡಿ!"

ಕುನಿಹಿಕೊ ಚಿಗುಸಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದ. ಅವಳ ಬೆರಳುಗಳು ಗಾಜಿನ ಜಾಡಿಯ ದ್ರವದಿಂದ ಒಂದೇ ಅಂಗುಲ ದೂರದಲ್ಲಿದ್ದವು.

"ಅದು ಸಯನೈಡ್, ಸೆನ್ಸೇ! ವಿಷ!"

"ಬಿಡಿ ನನ್ನ ಕೈ! ಅಮ್ಮನ ಚಮಚಕ್ಕೆ ಏನು ಮಾಡ್ತಿದ್ದೀರಿ ನೀವು?"

ಜಾಡಿಯೊಳಗೆ ಒಂದು ಉಕ್ಕಿನ ತಗಡಿನ ಎದುರು ತೂಗುತ್ತಿದ್ದ ಪುಟ್ಟ ಚಮಚದ ಬೆಳ್ಳಿಯೆಲ್ಲ ಕರಗಿ, ಒಳಗಿನ ಹಿತ್ತಾಳೆ ಬೆತ್ತಲಾಗಿತ್ತು.

ಜಪಾನಿನ ತ್ಸುಬಾಮೆ ಪಟ್ಟಣದಲ್ಲಿ ಚಮಚ ತಯಾರಾಗದ ಬೀದಿಯೇ ಇಲ್ಲ. ಚಿಗುಸಾಳ ಅಮ್ಮ ಮೂವತ್ತು ವರ್ಷ ಇಲ್ಲಿಯ ಕಾರ್ಖಾನೆಯಲ್ಲಿ ಚಮಚಗಳಿಗೆ ಹೊಳಪು ಕೊಟ್ಟವಳು. ಮಗಳು ಹುಟ್ಟಿದ ನೂರನೆಯ ದಿನ ಮೊದಲ ತುತ್ತು ಉಣಿಸಲೆಂದು ಈ ಚಮಚವನ್ನು ತಾನೇ ತಿಕ್ಕಿ ಬೆಳಗಿದ್ದಳು. ಈಗ ಅಮ್ಮನಿಲ್ಲ. ಬರುವ ಭಾನುವಾರ ಅಕ್ಕನ ಮಗುವಿಗೆ ನೂರು ದಿನ ತುಂಬುತ್ತದೆ. ಅಲ್ಲಲ್ಲಿ ಸಿಪ್ಪೆಯಂತೆ ಏಳುತ್ತಿದ್ದ ಬೆಳ್ಳಿಯನ್ನು ಸರಿಪಡಿಸಿಕೊಡಿ ಎಂದು, ಶಾಲೆಯ ಲ್ಯಾಬಿನ ಇಕ್ಕಳಗಳಿಗೆ ಲೇಪನ ಮಾಡಿಸಲು ಬಂದಾಗ ಆದ ಮೂರು ವಾರಗಳ ಪರಿಚಯದ ಸಲಿಗೆಯಿಂದ, ಅವಳು ಈ ಲೇಪನದ ಅಂಗಡಿಯ ಕುನಿಹಿಕೊನ ಕೈಗೆ ಚಮಚವನ್ನು ಒಪ್ಪಿಸಿದ್ದಳು.

ನಂಬಿ ಒಪ್ಪಿಸಿದ್ದಳು…

"ಸೆನ್ಸೇ ಅಂತ ಕರೀತೀರಲ್ಲ, ನಾನು ರಸಾಯನಶಾಸ್ತ್ರದ ಟೀಚರ್. ಚಮಚಾನ ಪ್ಲಸ್ ತಂತಿಗೆ ಕಟ್ಟಿದ್ದೀರಿ! ಎಲೆಕ್ಟ್ರಾನ್ ಕಳ್ಕೊಂಡ ಬೆಳ್ಳಿ ಅಯಾನಾಗಿ ನೀರುಪಾಲಾಗುತ್ತೆ ಅಂತ ನನ್ನ ಕ್ಲಾಸಿನ ಮಕ್ಕಳಿಗೂ ಗೊತ್ತು!"

"ಹಳೇ ಪದರ ಬಿಡಿಸದೇ ಮೇಲೆ ಹಾಕಿದ್ರೆ ಹಿಡಿಯಲ್ಲ, ಸೆನ್ಸೇ. ಆದ್ರೆ ಆ ಬೆಳ್ಳಿ…"

"ಆ ಬೆಳ್ಳೀನೇ ಬೇಕಿತ್ತು ನನಗೆ! ಅಮ್ಮ ಮುಟ್ಟಿದ್ದು. ಒಂದು ಮಾತು ಕೇಳಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. ಅವನು ಚಮಚವನ್ನು ಹೊರತೆಗೆದು, ಮೂರು ನೀರಿನಲ್ಲಿ ತೊಳೆದು, ಎರಡೂ ಕೈಗಳಿಂದ ಅವಳಿಗೆ ಕೊಟ್ಟ. ಅವಳು ತಿರುಗಿ ನೋಡದೆ ಹೊರಟುಬಿಟ್ಟಳು.

ಮರುದಿನ, ಶುಕ್ರವಾರ, ತರಗತಿಯಲ್ಲಿ ಅದೇ ಪಾಠ!

"ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನಾಗುತ್ತದೆ. ದ್ರವವನ್ನು ದಾಟಿ ಎದುರಿನ ತಗಡನ್ನು ತಲುಪುತ್ತದೆ. ಅಲ್ಲಿ ಒಂದು ಎಲೆಕ್ಟ್ರಾನನ್ನು ಪಡೆದು ಮತ್ತೆ…"

ಸೀಮೆಸುಣ್ಣ ಹಲಗೆಯ ಮೇಲೆ ನಿಂತೇಹೋಯಿತು.

ಮತ್ತೆ ಬೆಳ್ಳಿಯಾಗುತ್ತದೆ!

ಆ ಅಂಗಡಿಯಲ್ಲಿ ಸ್ನಾನದ ತೊಟ್ಟಿಯಷ್ಟು ದೊಡ್ಡ ಪಾತ್ರೆಗಳಿವೆ. ಹಾಗಿದ್ದರೂ ಒಂದೇ ಒಂದು ಚಮಚಕ್ಕೆ ಬೇರೆ ಜಾಡಿ ಏಕೆ? ಅದರೊಳಗೆ ಹೊಚ್ಚಹೊಸ ಉಕ್ಕಿನ ತಗಡು ಏಕೆ? 'ಅಯ್ಯೋ… ನಾನೇನು ಮಾಡಿಬಿಟ್ಟೆ!'

ಶನಿವಾರ ಬೆಳಗಾಗುತ್ತಲೇ ಅವಳು ಅಂಗಡಿಯ ಬಾಗಿಲಲ್ಲಿದ್ದಳು. ಕುನಿಹಿಕೊನ ಅಜ್ಜಿ ತೊಮೆ ಮೂಲಂಗಿ ಹೆಚ್ಚುತ್ತಾ ತಲೆಯೆತ್ತಿದಳು.

"ಅಂತೂ ಬಂದ್ಯಾ ತಾಯಿ! ಎರಡು ದಿನದಿಂದ ಆ ಜಾಡಿ ಹತ್ರ ನನ್ನನ್ನೂ ಬಿಟ್ಕೊಂಡಿಲ್ಲ. ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದ್ದು ನನ್ನ ಮೊಮ್ಮಗ. ನೀನೇ ಬೀಗ ತೆಗಿ, ಹೋಗು!"

ಒಳಗೆ, ಜಾಡಿಯ ಎದುರು ಅವನಿದ್ದ. ತಗಡಿನ ಮೇಲೆ ಮಂಜಿನಂಥ ಬಿಳಿಯ ಪದರ ಕುಳಿತಿತ್ತು.

"ಇದೆಲ್ಲಾ…?"

"ನಿಮ್ಮಮ್ಮಂದೇ." ಅವನು ಕಣ್ಣೆತ್ತಲಿಲ್ಲ. "ದೊಡ್ಡ ತೊಟ್ಟಿಗೆ ಹಾಕಿದ್ರೆ ಊರೋರ ಬೆಳ್ಳಿ ಜೊತೆ ಬೆರೆತುಹೋಗ್ತಿತ್ತು. ಅದಕ್ಕೇ ಈ ದ್ರವಾನ ಹೊಸದಾಗಿ ಮಾಡ್ದೆ. ಒಂದು ಚೂರೂ ಬೇರೆ ಬೆಳ್ಳಿ ಇಲ್ಲ ಇದ್ರಲ್ಲಿ."

"ಹೇಳಬಾರದಿತ್ತಾ?"

"ಮೊದಲೇ ನಿಮ್ಮನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ಆ ತಪ್ಪು ನಂದೇ."

ಚಿಗುಸಾ ಚೀಲದೊಳಗಿನ ಚಮಚವನ್ನು ತೆಗೆದು ಅವನಿಗೆ ಕೊಟ್ಟಳು. ಅವನು ಅದನ್ನು ಚೊಕ್ಕಟಗೊಳಿಸಿ ಮೈನಸ್ ತಂತಿಗೆ ಕಟ್ಟಿ, ತಗಡನ್ನು ಪ್ಲಸ್ ತಂತಿಗೆ ಕಟ್ಟಿದ. ವಿದ್ಯುತ್ತು ಹರಿಯಿತು. ಒಂದು ನಿಮಿಷ… ಎರಡು ನಿಮಿಷ… ಹಳದಿಯ ಮೇಲೆ ಮೆಲ್ಲಗೆ ಬಿಳುಪು ಮೂಡತೊಡಗಿತು.

ಅವಳ ಎದೆಯಲ್ಲಿ ಎರಡು ದಿನಗಳಿಂದ ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಹೊರಬಂತು. ಜೊತೆಗೇ ಕಣ್ಣೀರೂ.

"ಅಳಬೇಡಿ, ಸೆನ್ಸೇ. ಬರ್ತಾ ಇದೆಯಲ್ಲ."

"ಸಮಾಧಾನಕ್ಕೆ ಅಳ್ತಿದ್ದೀನಿ, ಸುಮ್ನಿರಿ!" ಅವಳು ಅಳುತ್ತಲೇ ನಕ್ಕಳು. "ಒಂದು ಮಾತು ಹೇಳ್ಲಾ? ಲ್ಯಾಬಿನ ಇಕ್ಕಳಗಳನ್ನ ನಿಮ್ಮ ಹತ್ರ ತಂದಿದ್ದೆನಲ್ಲ… ಅವಕ್ಕೆ ಏನೂ ಆಗಿರ್ಲಿಲ್ಲ."

"ಗೊತ್ತಿತ್ತು."

"ಗೊತ್ತಿತ್ತಾ!"

"ಅದಕ್ಕೇ ದಿನಕ್ಕೆ ಒಂದೊಂದನ್ನೇ ವಾಪಸ್ ಕೊಡ್ತಿದ್ದೆ." ಅವನ ಕಿವಿಗಳು ಕೆಂಪಾದವು. "ಎಲ್ಲಾ ಒಟ್ಟಿಗೇ ಕೊಟ್ಟುಬಿಟ್ರೆ… ನೀವು ಮತ್ತೆ ಬರ್ತೀರೋ ಇಲ್ವೋ ಅಂತ ಹೆದರಿಕೆ."

ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿತು. ಅದು ಕೆಮ್ಮಿಗಿಂತ ಹೆಚ್ಚಾಗಿ ನಗುವಿನಂತಿತ್ತು.

"ಕುನಿಹಿಕೊ-ಸಾನ್, ನಾಳೆ ನಮ್ಮನೆಗೆ ಊಟಕ್ಕೆ ಬರ್ತೀರಾ?"

"ನಿಮ್ಮ ಅಕ್ಕ 'ಇವ್ರು ಯಾರು' ಅಂತ ಕೇಳಿದ್ರೆ?"

"ಬೆಳ್ಳಿ ಹಾಕೋರು ಅಂತೀನಿ."

"ಅಷ್ಟೇನಾ?"

ಚಿಗುಸಾ ಅವನ ತೋಳಿಗೆ ಮೆಲ್ಲಗೆ ತಲೆಯಾನಿಸಿದಳು.

"ಉಳಿದಿದ್ದನ್ನ ನೀವೇ ಹೇಳಿ… ನಾನು ಪಕ್ಕದಲ್ಲೇ ಇರ್ತೀನಿ."